ಗೇರ್‌ಬಾಕ್ಸ್ ಇಳಿಸುವ ಮೊದಲು ಚಕ್ರದ ಬೇರಿಂಗ್ ನೋಡಿ

ಹಳೇ ಕಾರು, ಮುಂದಿನ ಚಕ್ರಕ್ಕೆ ಡ್ರೈವ್. ಗಂಟೆಗೆ 50 ಕಿ.ಮೀ. ದಾಟಿದರೆ ತಳದಿಂದ ಗುಂಯ್ ಅನ್ನುವ ಸದ್ದು, ವೇಗ ಏರಿದಷ್ಟೂ ಜೋರು. ಒಂದು ಸುತ್ತು ಓಡಿಸಿ ನೋಡಿದ ಮೆಕ್ಯಾನಿಕ್ ಗೇರ್‌ಬಾಕ್ಸ್ ಬೇರಿಂಗ್ ಹೋಗಿದೆ ಅಂದುಬಿಟ್ಟರು. ಗೇರ್‌ಬಾಕ್ಸ್ ಕೆಳಗಿಳಿಯಿತು, ಬೇರಿಂಗು, ಸೀಲು ಎಲ್ಲ ಹೊಸದಾಯಿತು. ಸದ್ದು ಮಾತ್ರ ಇದ್ದ ಹಾಗೇ ಇತ್ತು. ಅದರ ಮೇಲೆ ಎರಡು ಹೊಸ ತೊಂದರೆ: ಆಕ್ಸಲ್ (ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ದಂಡ) ಸೀಲಿನಿಂದ ಆಯಿಲ್ ಸೋರಿಕೆ, ಎರಡನೇ ಗೇರಿಗೆ ಹಾಕುವಾಗ ಕರಕರ. ನಿಜವಾಗಿ ಹಾಳಾಗಿದ್ದದ್ದು ಬಲ ಮುಂದಿನ ಚಕ್ರದ ಬೇರಿಂಗ್.

ಇಂಥ ತಪ್ಪು ಸುಲಭವಾಗಿ ಆಗುತ್ತದೆ. ಕಬ್ಬಿಣದ ಮೂಲಕ ಹರಿದುಬರುವ ಸದ್ದು ಕಾರಿನೊಳಗೆ ಕೂತವರಿಗೆ ಹುಟ್ಟಿದ ಜಾಗದಿಂದ ಬಂದಂತೆ ಕೇಳುವುದೇ ಇಲ್ಲ. ಆದ್ದರಿಂದ ಸದ್ದು ಎಲ್ಲಿಂದ ಬರುತ್ತಿದೆ ಎಂದು ಕಿವಿಗೊಡುವ ಮೊದಲು, ಅದು ಯಾವುದರ ಜೊತೆ ಏರಿಳಿಯುತ್ತದೆ ಅನ್ನುವುದನ್ನು ಹಿಡಿಯಬೇಕು. ಇಂಜಿನ್ನಿನ ಜೊತೆಗೋ, ಚಕ್ರದ ಜೊತೆಗೋ?

ಖಾಲಿಯಾದ ನೇರ ರಸ್ತೆಯಲ್ಲಿ ಸದ್ದು ಸ್ಪಷ್ಟವಾಗಿ ಕೇಳುವ ವೇಗಕ್ಕೆ ಹೋಗಿ, ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತನ್ನಿ, ಆಮೇಲೆ ಕ್ಲಚ್ ಬಿಡಿ. ಇಂಜಿನ್ ಐಡಲ್‌ಗೆ ಇಳಿಯುತ್ತದೆ, ಕಾರು ಉರುಳುತ್ತಲೇ ಇರುತ್ತದೆ. ಸದ್ದು ಇಂಜಿನ್ನಿನ ಜೊತೆಗೇ ಇಳಿದರೆ ಕಾರಣ ಇಂಜಿನ್ ಕಡೆ, ಕ್ಲಚ್ ಕಡೆ, ಇಲ್ಲವೇ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಇಂಜಿನ್ನಿನ ತಿರುಗನ್ನು ಒಳಗೆ ತರುವ ದಂಡ) ಕಡೆ. ಸದ್ದು ಹಾಗೇ ಮುಂದುವರಿದು, ಕಾರು ನಿಧಾನವಾದಂತೆ ತಾನೂ ಕುಗ್ಗಿದರೆ ಮೊದಲು ನೋಡಬೇಕಾದ್ದು ಟೈರು ಮತ್ತು ಚಕ್ರದ ಬೇರಿಂಗ್. ಡಿಫರೆನ್ಷಿಯಲ್ (ಎರಡೂ ಚಕ್ರಗಳಿಗೆ ತಿರುಗನ್ನು ಹಂಚುವ ಗೇರುಗಳ ಜೋಡಣೆ) ಬೇರಿಂಗಿನ ಸರದಿ ಆಮೇಲೆ. ಈ ಪರೀಕ್ಷೆಯಲ್ಲಿ ಯಾವ ಕಾರಣಕ್ಕೂ ಕೀ ತಿರುಗಿಸಿ ಇಂಜಿನ್ ಆಫ್ ಮಾಡಬೇಡಿ. ಪವರ್ ಸ್ಟೇರಿಂಗಿನ ಬಲ ಹೋಗುತ್ತದೆ, ಬ್ರೇಕ್ ಬೂಸ್ಟರಿನ ನಿರ್ವಾತ ಮುಗಿಯುತ್ತದೆ, ಸ್ಟೇರಿಂಗ್ ಲಾಕ್ ಆದರೂ ಆಗಬಹುದು.

ಅದೇ ವೇಗದಲ್ಲಿ ರಸ್ತೆಯ ಉದ್ದನೆಯ ತಿರುವುಗಳಲ್ಲಿ ಸದ್ದು ಹೇಗೆ ಬದಲಾಗುತ್ತದೆ ಕೇಳಿಸಿಕೊಳ್ಳಿ. ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಕ್ಕೆ ಬೀಳುತ್ತದೆ. ಆಗ ಸದ್ದು ಜೋರಾಗಿ, ಬಲಕ್ಕೆ ತಿರುಗಿದಾಗ ತಗ್ಗಿದರೆ ಅನುಮಾನ ಬಲಗಡೆಯ ಬೇರಿಂಗಿನ ಮೇಲೆ. ಸದ್ದು ಕಡಿಮೆಯಾಗುವ ಕಡೆಯ ಬೇರಿಂಗ್ ಬಿಚ್ಚಿ ಮೋಸ ಹೋಗುವವರು ಬಹಳ. ತಿರುವಿನಲ್ಲಿ ಏನೂ ವ್ಯತ್ಯಾಸವಿಲ್ಲದಿದ್ದರೆ ಟೈರಿನ ಮೇಲೆ ಅಂಗೈ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದ ಹಲ್ಲಿನಂತೆ ತಾಗಿದರೆ ಆ ಟೈರೇ ಬೇರಿಂಗಿನಂತೆ ಗುಂಯ್‌ಗುಡುತ್ತಿರಬಹುದು. ಹಿಂದಿನ ಟೈರು ಮುಂದಕ್ಕೆ ಹಾಕಿದಾಗ ಸದ್ದಿನ ಜಾಗವೋ ಸ್ವರವೋ ಬದಲಾದರೆ ಅನುಮಾನ ತೀರಿತು.

ಇಷ್ಟಾದ ಮೇಲೆ ಜಾಕ್. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಕಾರನ್ನು ಸ್ಟ್ಯಾಂಡಿನ ಮೇಲೆ ಕೂರಿಸಿ, ನ್ಯೂಟ್ರಲ್‌ಗೆ ಹಾಕಿ. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಆಟ, ಅಂದರೆ ಸಡಿಲ, ಇದ್ದರೆ ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ: ಆಗ ಆಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್ (ಸಸ್ಪೆನ್ಷನ್ನಿನ ಗುಂಡು ಕೀಲು) ನೋಡಿ. ಆಟ ಇಲ್ಲ ಅಂದ ಮಾತ್ರಕ್ಕೆ ಬೇರಿಂಗ್ ಚೆನ್ನಾಗಿದೆ ಅಂತಲ್ಲ. ಸದ್ದು ಮಾಡುವ ಎಷ್ಟೋ ಬೇರಿಂಗುಗಳಲ್ಲಿ ಕೂದಲೆಳೆಯಷ್ಟೂ ಆಟ ಇರುವುದಿಲ್ಲ. ಒಂದು ಕೈಯಲ್ಲಿ ಚಕ್ರ ತಿರುಗಿಸುತ್ತಾ ಇನ್ನೊಂದು ಕೈಯ ಬೆರಳನ್ನು ಸಸ್ಪೆನ್ಷನ್ ಸ್ಪ್ರಿಂಗಿನ ಮೇಲಿಡಿ. ಕೆಟ್ಟ ಬೇರಿಂಗ್ ಇದ್ದರೆ ಸ್ಪ್ರಿಂಗು ಬೆರಳಿಗೆ ಮರಳು ಅರೆದಂತೆ ನಡುಗುತ್ತದೆ, ಒಳ್ಳೆಯದರಲ್ಲಿ ಏನೂ ತಿಳಿಯುವುದಿಲ್ಲ. ಎರಡೂ ಕಡೆ ಮಾಡಿ ಹೋಲಿಸಿದರೆ ಕಲಿಯದವರಿಗೂ ಗೊತ್ತಾಗುತ್ತದೆ.

ಗೇರ್‌ಬಾಕ್ಸನ್ನು ಅನುಮಾನಿಸಲು ಬೇರೆ ಗುರುತುಗಳಿವೆ. ಕಾರು ನಿಂತಿರುವಾಗ, ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಗೊರಗೊರ ಇದ್ದು, ಒತ್ತಿದರೆ ಮಾಯವಾದರೆ ಇನ್‌ಪುಟ್ ಶಾಫ್ಟ್ ಬೇರಿಂಗ್. ಒತ್ತಿದಾಗ ಮಾತ್ರ ಸದ್ದು ಬಂದರೆ ಕ್ಲಚ್ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್). ಒಂದೇ ಗೇರಿನಲ್ಲಿ ಕೊರೆಯುವ ಸದ್ದು ಬಂದು ಉಳಿದವುಗಳಲ್ಲಿ ಇಲ್ಲದಿದ್ದರೆ ಆ ಗೇರಿನ ಹಲ್ಲು. ಆಗಲೂ ಮೊದಲು ಆಯಿಲ್ ಇಳಿಸಿ ಡ್ರೈನ್ ಪ್ಲಗ್ಗಿನ ಅಯಸ್ಕಾಂತ ನೋಡಿ. ಕಾಡಿಗೆಯಂಥ ನುಣ್ಣನೆಯ ಪುಡಿ ಸಹಜ. ಚೂರು, ಚಕ್ಕೆ ಸಿಕ್ಕರೆ ಮಾತ್ರ ಬಿಚ್ಚುವ ಮಾತು. ಆಯಿಲ್ ಇಳಿಸುವ ಮುಂಚೆ ತುಂಬುವ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಅಂತ ಖಾತ್ರಿ ಮಾಡಿಕೊಳ್ಳಿ. ಅದು ತುಕ್ಕು ಹಿಡಿದು ಕೂತಿದ್ದರೆ ಕಾರು ಅಲ್ಲೇ ನಿಂತುಬಿಡುತ್ತದೆ.

ನಡುಕದ ಲೆಕ್ಕವೇ ಬೇರೆ. ಟೈರಿನ ಸುತ್ತಳತೆ 1.8 ಮೀಟರ್ ಇದ್ದರೆ 80 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ಹಾಕುತ್ತದೆ. ಚಕ್ರದ ನಡುಕ ಸ್ಟೇರಿಂಗಿನಲ್ಲೋ ಸೀಟಿನಲ್ಲೋ ಬಿಡಿಬಿಡಿಯಾಗಿ ಅದುರಿದಂತೆ ಗೊತ್ತಾಗುತ್ತದೆ. ಹಿಂದಿನ ಚಕ್ರಕ್ಕೆ ಡ್ರೈವ್ ಇರುವ ಕಾರಿನಲ್ಲಿ, ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್ಲಿನ ಗೇರು ಜೋಡಿ) ಅನುಪಾತ 4 ಇದ್ದರೆ, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಕ್ಕೆ ಹೋಗುವ ಉದ್ದನೆಯ ದಂಡ) ಅದೇ ವೇಗದಲ್ಲಿ ಸೆಕೆಂಡಿಗೆ 50ರ ಹತ್ತಿರ ತಿರುಗುತ್ತದೆ. ಅದರ ನಡುಕ ಕಾಲಡಿಯ ತಗಡಿನಲ್ಲಿ ಝುಮ್ಮೆನ್ನುತ್ತದೆ. ಆ ಶಾಫ್ಟ್ ಬಿಚ್ಚುವಾಗ ಅದು ಸೇರುವ ಎರಡೂ ಫ್ಲ್ಯಾಂಜಿಗೆ (ಬೋಲ್ಟ್ ಹಾಕುವ ತಟ್ಟೆಗಳಿಗೆ) ಬಣ್ಣದ ಗುರುತು ಹಾಕಲೇಬೇಕು, ಇಲ್ಲವಾದರೆ ಇಲ್ಲದಿದ್ದ ನಡುಕವೂ ಬಂದು ಸೇರುತ್ತದೆ. ಮುಂದಿನ ಡ್ರೈವ್ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಅದುರಿ, ಬಿಟ್ಟ ಕೂಡಲೇ ನಿಂತರೆ ಆಕ್ಸಲ್ಲಿನ ಒಳತುದಿಯ ಸಿವಿ ಜಾಯಿಂಟ್ (ಬಾಗಿದರೂ ಸಮವಾಗಿ ತಿರುಗುವ ಕೀಲು) ಸವೆದಿರಬಹುದು. ಇದಕ್ಕೆ ಎಷ್ಟು ಸಲ ವೀಲ್ ಬ್ಯಾಲೆನ್ಸ್ ಮಾಡಿಸಿದರೂ ವ್ಯರ್ಥ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಕಟಕಟ ಅಂದರೆ ಹೊರಗಿನ ಜಾಯಿಂಟ್. ಜಾಯಿಂಟಿನ ಹರಿದ ರಬ್ಬರ್ ಬೂಟು (ಮುಚ್ಚಳ), ರಿಮ್ಮಿನ ಒಳಮೈಗೆ ಸಿಡಿದ ಕಪ್ಪು ಗ್ರೀಸ್ ಅದಕ್ಕೆ ಸಾಕ್ಷಿ.

ಬೇರಿಂಗ್ ಬದಲಿಸುವಾಗಲೂ ಪಕ್ಕದಲ್ಲಿ ನಿಂತು ನೋಡಿ. ನಕಲ್‌ಗೆ (ಚಕ್ರದ ಬೇರಿಂಗ್ ಕೂರುವ ಲೋಹದ ತುಂಡಿಗೆ) ಕೂರಿಸುವಾಗ ಪ್ರೆಸ್ಸಿನ ಒತ್ತಡ ಹೊರಗಿನ ರಿಂಗಿನ ಮೇಲೆ ಬೀಳಬೇಕು. ಒಳರಿಂಗಿನ ಮೇಲೆ ಒತ್ತಿದರೆ ಗುಂಡುಗಳು ದಾರಿಯಲ್ಲಿ ಗುಳಿ ಮಾಡಿ, ಹೊಸ ಬೇರಿಂಗು ಕೆಲವೇ ದಿನಕ್ಕೆ ಹಾಡತೊಡಗುತ್ತದೆ. ಆಮೇಲೆ ಹಬ್ (ಚಕ್ರ ಬಿಗಿಯುವ ನಡುಭಾಗ) ಒತ್ತುವಾಗ ಆಸರೆ ಒಳರಿಂಗಿಗೆ ಇರಬೇಕು. ಸೀಲಿನಲ್ಲೇ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ನೋಡುವ ವ್ಯವಸ್ಥೆ) ಅಯಸ್ಕಾಂತ ಇರುವ ಬೇರಿಂಗ್ ಆದರೆ ಆ ಮುಖ ಸೆನ್ಸರ್ ಕಡೆಗೇ ಇರಬೇಕು, ಉಲ್ಟಾ ಕೂತರೆ ಎಬಿಎಸ್ ದೀಪ ಉರಿಯುತ್ತದೆ. ಹಬ್ ನಟ್ ಹೊಸದೇ ಹಾಕಿಸಿ, ಕೈಪಿಡಿಯಲ್ಲಿರುವ ಟಾರ್ಕಿಗೆ (ತಿರುಚುವ ಬಲದ ಅಳತೆಗೆ) ಬಿಗಿ ಮಾಡಿಸಿ. ಆಕ್ಸಲ್ ತೆಗೆದ ಕಾರನ್ನು ಗಾಲಿಯ ಮೇಲೆ ಇಳಿಸಿ ತಳ್ಳಬೇಡಿ.

ಮೊದಲು ಹೇಳಿದ ಕಾರಿನ ಆಯಿಲ್ ಸೋರಿಕೆಗೆ ಕಾರಣ, ಆಕ್ಸಲ್ ಒಳಗೆ ತಳ್ಳುವಾಗ ಅದರ ತುದಿಯ ಹಲ್ಲುಗಳು ಹೊಸ ಸೀಲಿನ ತುಟಿಯನ್ನು ಸೀಳಿದ್ದು. ಸೀಲಿನ ತುಟಿಗೆ ಆಯಿಲ್ ಸವರಿ, ಆಕ್ಸಲ್ಲನ್ನು ನೇರವಾಗಿ ಎತ್ತಿ ಹಿಡಿದು ಒಳಗೆ ಬಿಡಬೇಕಿತ್ತು. ಕರಕರಕ್ಕೆ ಕಾರಣ ಆಯಿಲ್. ಜಿಎಲ್-4 (ಗೇರ್ ಆಯಿಲಿನ ಒಂದು ದರ್ಜೆ) ಕೇಳುವ ಗೇರ್‌ಬಾಕ್ಸಿಗೆ ಜಿಎಲ್-5 ಮಾತ್ರವೇ ಆದ ಡಿಫರೆನ್ಷಿಯಲ್ ಆಯಿಲ್ ತುಂಬಿದ್ದರು. ಅದರಲ್ಲಿ ಹೆಚ್ಚಿರುವ ಗಂಧಕ–ರಂಜಕದ ಸೇರ್ಪಡೆಗಳಿಂದ ಹಿತ್ತಾಳೆಯ ಸಿಂಕ್ರೊ ರಿಂಗಿಗೆ (ಗೇರು ಬದಲಿಸುವಾಗ ವೇಗ ಹೊಂದಿಸುವ ಬಳೆಗೆ) ಸರಿಯಾದ ಹಿಡಿತ ಸಿಗುವುದಿಲ್ಲ, ಕಾಲಕ್ರಮದಲ್ಲಿ ಲೋಹವೂ ತಿಂದುಹೋಗಬಹುದು. ನಿಮ್ಮ ಕಾರಿಗೂ ಹೀಗೇ ಆಗಿದ್ದರೆ ಗೇರ್‌ಬಾಕ್ಸ್ ಮತ್ತೆ ಬಿಚ್ಚಿಸಬೇಡಿ. ಆಯಿಲ್ ಬಿಸಿಯಿರುವಾಗಲೇ ಪೂರ್ತಿ ಇಳಿಸಿ, ಕೈಪಿಡಿ ಹೇಳುವ ದರ್ಜೆಯದನ್ನು ಹೇಳಿದಷ್ಟೇ ತುಂಬಿಸಿ ಓಡಿಸಿ ನೋಡಿ.