ಹಾಸನದ ಅಂಗಡಿಯೊಂದರ ಕ್ವಾರಂಟೈನ್ ತೊಟ್ಟಿ

ಬೇರೆ ಊರಿನಿಂದ ತಂದ ಒಂದು ಮೀನಿನಿಂದ ಬಿಳಿಚುಕ್ಕೆ ರೋಗ ಹರಡಿ ನನ್ನ ಉಪ್ಪುನೀರಿನ ತೊಟ್ಟಿಯ ಮೀನುಗಳೆಲ್ಲ ಸತ್ತಿದ್ದವು. ಆದ್ದರಿಂದ, ಈ ಬಾರಿ ಹಾಸನದ ಬಿ.ಎಂ. ರಸ್ತೆಯ ಸಣ್ಣ ಅಂಗಡಿಯೊಂದರಲ್ಲಿ, ಕ್ಲೌನ್ ಮೀನಿನ ಜೋಡಿಯನ್ನು 30 ದಿನ ಪ್ರತ್ಯೇಕವಾಗಿಟ್ಟು ಕೊಡುವ ವ್ಯವಸ್ಥೆಯಿದೆಯೆಂದು ತಿಳಿದಾಗ ನನಗೆ ನಿಜಕ್ಕೂ ನೆಮ್ಮದಿಯಾಯಿತು.

ಬಿಳಿಚುಕ್ಕೆ ರೋಗ ತರುವ ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿಯು ಮೀನಿನ ಚರ್ಮದೊಳಗೆ ಅಡಗಿರುವಾಗಲೂ, ಮೀನಿನಿಂದ ಉದುರಿ ತಳದಲ್ಲಿ ಕೋಶ ಕಟ್ಟಿಕೊಂಡಿರುವಾಗಲೂ ತಾಮ್ರದ ಔಷಧಿಗೆ ಬಗ್ಗುವುದಿಲ್ಲ. ಕೋಶ ಒಡೆದು ನೀರಿನಲ್ಲಿ ಈಜುವ ಅಲ್ಪಾವಧಿಯಲ್ಲಿ ಮಾತ್ರ ಸಾಯುತ್ತದೆ. ಆದ್ದರಿಂದಲೇ ಔಷಧಿಯ ಪ್ರಮಾಣ ವಾರಗಟ್ಟಲೆ ಕುಸಿಯದಂತೆ ನೋಡಿಕೊಳ್ಳಬೇಕು. ಅಂಗಡಿಯವರು ಪ್ರತಿದಿನ ಕಿಟ್‌ನಿಂದ ಪರೀಕ್ಷಿಸಿ ಅದನ್ನು ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ನಡುವೆ ಉಳಿಸಿಕೊಳ್ಳುತ್ತಾರೆ. ಕಲ್ಲು, ಮರಳು ತಾಮ್ರವನ್ನು ಹೀರುವುದರಿಂದ ತೊಟ್ಟಿಯಲ್ಲಿ ಬರಿಯ ಪಿವಿಸಿ ಪೈಪಿನ ತುಂಡುಗಳಿವೆ. ಕಿವಿರಿಗೆ ಅಂಟುವ ಹುಳುಗಳಿಗೆ ಪ್ರಾಜಿಕ್ವಾಂಟೆಲ್ ಎಂಬ ಔಷಧಿಯನ್ನು ಬೇರೆಯೇ ಕೊಡುತ್ತಾರೆ.

ಕೊರತೆಯೊಂದಿದೆ: ಹವಳ, ಸೀಗಡಿ ಇರುವ ಮನೆಯ ತೊಟ್ಟಿಗೆ ತಾಮ್ರ ಹಾಕಲೇಬಾರದು, ರೋಗ ಬಂದ ತೊಟ್ಟಿಯನ್ನು ಸುಮಾರು 76 ದಿನ ಮೀನಿಲ್ಲದೆ ಖಾಲಿ ಬಿಡಬೇಕು ಎಂಬುದನ್ನು ಕೇಳದ ಹೊರತು ಅವರು ಹೇಳುವುದಿಲ್ಲ. ಹೊಸಬರಿಗೆ ಇದನ್ನು ಚೀಟಿಯಲ್ಲಿ ಬರೆದುಕೊಡಲೇಬೇಕು. ಬೆಲೆ ಹೆಚ್ಚೇ, ಆದರೂ ಮುಂದಿನ ಮೀನನ್ನು ನಾನು ಅಲ್ಲಿಯೇ ಕೊಳ್ಳುತ್ತೇನೆ.