ಎಂಪಿ3ಯೋ ಆಗ್ ವಾರ್ಬಿಸ್ಸೋ, ಎಫ್‌ಬಿಎಕ್ಸೋ ಜಿಎಲ್‌ಟಿಎಫ್ಫೋ: ಒಂದೇ ಗೇಮ್, ಎರಡು ಸಲ

ಒಂದು ಪುಟ್ಟ ಗೇಮನ್ನು ಗೊಡಾಟ್ ಎಂಜಿನ್‌ನಲ್ಲಿ (ಗೇಮ್ ಕಟ್ಟುವ ಸಾಫ್ಟ್‌ವೇರ್) ಎರಡು ಸಲ ಕಟ್ಟಿ ನೋಡಿದೆ. ಮೊದಲ ಸಲ ಕೈಗೆ ಸಿಕ್ಕ ಫೈಲ್ ಫಾರ್ಮ್ಯಾಟ್‌ಗಳಲ್ಲಿ, ಎರಡನೇ ಸಲ ಯಾರಿಗೂ ಶುಲ್ಕ ಕೊಡಬೇಕಿಲ್ಲದ ಮುಕ್ತ ಫಾರ್ಮ್ಯಾಟ್‌ಗಳಲ್ಲಿ.

ಸಂಗೀತದಲ್ಲೇ ವ್ಯತ್ಯಾಸ ಜಾಸ್ತಿ ಗೊತ್ತಾಯಿತು. ಎಂಪಿ3 ಟ್ಯೂನ್ ಕೇಳಲು ಚೆನ್ನಾಗಿಯೇ ಇತ್ತು. ಆದರೆ ಅದು ಮುಗಿದು ಮತ್ತೆ ಶುರುವಾಗುವ ಕಡೆ ಸಣ್ಣದೊಂದು ತಡೆ. ಎಂಪಿ3 ಸದ್ದನ್ನು 1152 ಸ್ಯಾಂಪಲ್‌ಗಳ (ಸದ್ದಿನ ಅತಿ ಸಣ್ಣ ಅಳತೆಗಳ) ತುಂಡುಗಳಾಗಿ ಜೋಡಿಸುತ್ತದೆ. ತುಂಡು ತುಂಬಿಸಲು ಹಿಂದೆ ಮುಂದೆ ಸ್ವಲ್ಪ ಮೌನ ಸೇರಿಕೊಳ್ಳುತ್ತದೆ. ಒಂದು ಹಾಡು ಕೇಳುವಾಗ ಇದು ತಿಳಿಯುವುದೇ ಇಲ್ಲ. ಲೂಪ್‌ನಲ್ಲಿ ಮಾತ್ರ ಪ್ರತಿ ಸುತ್ತಿಗೂ ಕಿವಿಗೆ ಚುಚ್ಚುತ್ತದೆ. ಮೂಲದ ವೇವ್ ಫೈಲಿನಿಂದ ಅದೇ ಟ್ಯೂನನ್ನು ಆಗ್ ವಾರ್ಬಿಸ್ ಎಂಬ ಮುಕ್ತ ಫಾರ್ಮ್ಯಾಟ್‌ಗೆ ಬದಲಿಸಿದೆ, ತಡೆ ಹೋಯಿತು.

ಇವತ್ತು ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ಆದರೆ 2017ರ ಏಪ್ರಿಲ್‌ವರೆಗೂ ಎಂಪಿ3ಗೆ ಪೇಟೆಂಟ್ ಲೈಸೆನ್ಸ್ ಇತ್ತು. 5000 ಪ್ರತಿ ದಾಟಿದ ಗೇಮ್ ಒಂದಕ್ಕೆ 2500 ಡಾಲರ್. ಐದು ಸಾವಿರ ಪ್ರತಿ ಹೋಯಿತು ಅಂದರೆ ಸಣ್ಣ ತಂಡ ಆಗಷ್ಟೇ ಉಸಿರು ಬಿಡುವ ಹೊತ್ತು, ಅಲ್ವಾ? ಬಿಲ್ ಬರುತ್ತಿದ್ದುದು ಆಗಲೇ. 2002ರಲ್ಲಿ ವಾರ್ಬಿಸ್ 1.0 ಬಂದಾಗ ಗೇಮ್ ಮಾಡುವವರು ಅದನ್ನು ಅಪ್ಪಿಕೊಂಡಿದ್ದು ಸುಮ್ನೆ ಅಲ್ಲ.

ಇನ್ನು 3ಡಿ ಮಾದರಿಗಳು. ಅವನ್ನು ಇಡುವ ಎಫ್‌ಬಿಎಕ್ಸ್ ಫಾರ್ಮ್ಯಾಟ್ ಆಟೋಡೆಸ್ಕ್ ಕಂಪನಿಯ ಸ್ವತ್ತು. ಅದರ ಒಳರಚನೆಯ ಪೂರ್ತಿ ವಿವರ ಹೊರಗೆ ಕೊಟ್ಟಿಲ್ಲ. ಬ್ಲೆಂಡರ್ ಎಂಬ ಉಚಿತ 3ಡಿ ಸಾಫ್ಟ್‌ವೇರ್‌ನವರು ಫೈಲ್ ಬಿಚ್ಚಿ ನೋಡಿ ತಾವೇ ಅರ್ಥ ಮಾಡಿಕೊಂಡು ಬೆಂಬಲ ಬರೆದರು. ಹಾಗಿದ್ದರೂ ನಾನು ಎಫ್‌ಬಿಎಕ್ಸ್ ಪೂರ್ತಿ ಬಿಟ್ಟಿಲ್ಲ. ಕೊಂಡುಕೊಳ್ಳುವ ಪಾತ್ರಗಳು, ನಡಿಗೆಯ ಅನಿಮೇಷನ್‌ಗಳು ಹೆಚ್ಚಾಗಿ ಸಿಗುವುದು ಅದರಲ್ಲೇ. ತರುವುದು ಎಫ್‌ಬಿಎಕ್ಸ್‌ನಲ್ಲಿ, ಇಟ್ಟುಕೊಳ್ಳುವುದು ಮುಕ್ತ ಫಾರ್ಮ್ಯಾಟ್ ಆದ ಜಿಎಲ್‌ಟಿಎಫ್‌ನಲ್ಲಿ.

ಜಿಎಲ್‌ಟಿಎಫ್ ನನಗೆ ಯಾಕಿಷ್ಟು ಇಷ್ಟ? ಅದನ್ನು ರೂಪಿಸಿದ ಕ್ರೋನೋಸ್ ಗ್ರೂಪ್ ಎಂಬ ಒಕ್ಕೂಟ ಅದರ ವಿವರವನ್ನೆಲ್ಲ ಬಹಿರಂಗವಾಗಿ ಇಟ್ಟಿದೆ, 2022ರಲ್ಲಿ ಅದು ಐಎಸ್‌ಒ ಅಂತರರಾಷ್ಟ್ರೀಯ ಮಾನದಂಡವೂ ಆಯಿತು. ಅದಕ್ಕಿಂತ ದೊಡ್ಡದು ಇದು: ಒಂದು ರಾತ್ರಿ ಪಾತ್ರ ಓಡಲೇ ಇಲ್ಲ. ಫೈಲನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದೆ. ಅನಿಮೇಷನ್ ಹೆಸರಿನಲ್ಲಿ ಒಂದಕ್ಷರ ತಪ್ಪಿತ್ತು. ಅಲ್ಲೇ ತಿದ್ದಿದೆ, ಓಡಿತು. ಹತ್ತು ವರ್ಷ ಬಿಟ್ಟು ಯಾವ ಸಾಫ್ಟ್‌ವೇರ್ ಇರುತ್ತದೋ ಯಾರಿಗೆ ಗೊತ್ತು, ಈ ಫೈಲನ್ನಂತೂ ಯಾರು ಬೇಕಾದರೂ ಓದಬಹುದು.

ವಿಡಿಯೋದಲ್ಲಿ ಮಾತ್ರ ಮುಕ್ತ ಆಯ್ಕೆ ಸೋತಿತು. ಗೊಡಾಟ್ ತಾನಾಗಿ ಆಡಿಸುವುದು ಆಗ್ ಥಿಯೋರಾ ಎಂಬ ಮುಕ್ತ ವಿಡಿಯೋ ಫಾರ್ಮ್ಯಾಟ್ ಒಂದನ್ನೇ. ಎಲ್ಲೆಡೆ ಬಳಕೆಯಲ್ಲಿರುವ ಎಚ್.264 ವಿಡಿಯೋ ಫಾರ್ಮ್ಯಾಟ್‌ಗೆ ಪೇಟೆಂಟ್ ಗಂಟು ಇದೆ, ಆದರೆ ಅಷ್ಟೇ ಗಾತ್ರದಲ್ಲಿ ಅದರ ಚಿತ್ರ ಎಷ್ಟೋ ಸ್ಪಷ್ಟ. ಥಿಯೋರಾದಲ್ಲಿ ಕತ್ತಲ ದೃಶ್ಯಗಳೆಲ್ಲ ಚೌಕಚೌಕವಾಗಿ ಒಡೆದವು. 2018ರಲ್ಲಿ ಬಂದ ಎವಿ1 ಶುಲ್ಕವಿಲ್ಲದ್ದು, ಗುಣದಲ್ಲೂ ಮುಂದೆ. ಅದು ಎಂಜಿನ್ ಒಳಗೇ ಬರಲಿ ಎಂದು ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಶುರುವಿನ ವಿಡಿಯೋ ತೆಗೆದು, ಅದೇ ದೃಶ್ಯವನ್ನು ಎಂಜಿನ್‌ನಲ್ಲೇ ನೇರವಾಗಿ ಆಡಿಸುತ್ತಿದ್ದೇನೆ.