ಹಿಚ್ ಕಾರ್ಡ್: ಎರಡು ವರ್ಷ ಮರ ಹತ್ತಿ ಇಳಿದ ಮೇಲೆ

ಮರದ ಒಣಕೊಂಬೆ ಸವರುವುದು ನನ್ನ ಕಸುಬು. ವಾರದಲ್ಲಿ ನಾಲ್ಕೈದು ದಿನ ಹಗ್ಗದ ಮೇಲೆಯೇ ಕಳೆಯುವ ನನಗೆ, ಮುಖ್ಯ ಹಗ್ಗವನ್ನು ಸುತ್ತಿ ಹಿಡಿದುಕೊಳ್ಳುವ ಮುಕ್ಕಾಲು ಮೀಟರಿನ ಹುರಿ, ಅಂದರೆ ಹಿಚ್ ಕಾರ್ಡ್, ಉಳಿದೆಲ್ಲ ಸಲಕರಣೆಗಿಂತ ಮುಖ್ಯವಾದದ್ದು. ನಾನು ಬಳಸುತ್ತಿರುವುದು 10 ಮಿ.ಮೀ. ದಪ್ಪದ, ಅರಾಮಿಡ್ ಎಂಬ ಶಾಖ ತಡೆಯುವ ನಾರಿನ ಹೊದಿಕೆಯ, ಎರಡೂ ತುದಿಗೆ ಹೊಲಿದ ಕುಣಿಕೆಯಿರುವ ಹುರಿ.

ಬೆಳಿಗ್ಗೆ ಮೊದಲ ಕೆಲಸ ಅದನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ನಿಧಾನವಾಗಿ ಎಳೆದು ನೋಡುವುದು. ಒಳಗಿನ ಎಳೆ ಎಲ್ಲಿಯಾದರೂ ಗಟ್ಟಿಯಾಗಿದ್ದರೆ, ಹೊಲಿಗೆಯ ನೂಲು ಎದ್ದಿದ್ದರೆ, ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಆಮೇಲೆ ಮೇಲೆ ನಾಲ್ಕು ಸುತ್ತು, ಕೆಳಗೆ ಮೂರು ಹೆಣಿಗೆ ಹಾಕಿ ವಾಲ್ಡೋಟೆನ್ ಗಂಟು ಕಟ್ಟಿ, ನೆಲದಿಂದ ಒಂದಡಿ ಎತ್ತರದಲ್ಲಿ ಪೂರ್ತಿ ಭಾರ ಬಿಟ್ಟು ಕುಳಿತು ನೋಡುತ್ತೇನೆ. ಗಂಟು ಹಿಡಿದರಷ್ಟೇ ಹತ್ತುವುದು. 1931ರಲ್ಲಿ ಆಸ್ಟ್ರಿಯಾದ ಕಾರ್ಲ್ ಪ್ರುಸಿಕ್ ಪರಿಚಯಿಸಿದ ಗಂಟು ಭಾರ ಬಿದ್ದ ಮೇಲೆ ಬಿಗಿದುಕೊಂಡು ಸಡಿಲಲು ಹಟ ಮಾಡುತ್ತದೆ. ಇದು ಹಾಗಲ್ಲ: ನೆತ್ತಿಯನ್ನು ಬೆರಳಿನಿಂದ ಒತ್ತಿದರೆ ಸದ್ದಿಲ್ಲದೆ ಇಳಿಸುತ್ತದೆ, ಬೆರಳು ತೆಗೆದರೆ ನಿಲ್ಲಿಸುತ್ತದೆ. ಕೊಂಬೆಯ ತುದಿಯವರೆಗೆ ನಡೆದುಹೋಗುವಾಗ ಅಂಗುಲ ಅಂಗುಲವಾಗಿ ಹಗ್ಗ ಬಿಡುವ ಆ ಸುಖಕ್ಕಾಗಿಯೇ ಮೊದಲ ಆರು ತಿಂಗಳು ಕಂಡವರಿಗೆಲ್ಲ ಇದನ್ನು ಹೊಗಳಿದೆ.

ಆ ಹೊಗಳಿಕೆ ಒಂದು ಸಂಜೆ ನಿಂತಿತು. 20 ಮೀಟರ್ ಎತ್ತರದ ಕವಲಿನಿಂದ ಅವಸರದಲ್ಲಿ ಒಂದೇ ಓಟಕ್ಕೆ ಇಳಿದು, ನೆಲಕ್ಕೆ ಎರಡು ಮೀಟರ್ ಇರುವಾಗ ಉಳಿದಿದ್ದ ಒಂದು ಗಿಡ್ಡ ಕೊಂಬೆಯನ್ನು ಕತ್ತರಿಸಲು ನಿಂತೆ. ಕೆಲಸ ಮುಗಿಸಿ ಗಂಟು ಸರಿಸಿದಾಗ ಮುಖ್ಯ ಹಗ್ಗದ ಆ ಜಾಗ ಮೇಣ ಬಳಿದಂತೆ ಹೊಳೆಯುತ್ತಿತ್ತು, ಮುಟ್ಟಿದರೆ ಬಿರುಸಾಗಿತ್ತು. ಅರಾಮಿಡ್ ಕರಗುವುದಿಲ್ಲ, ಸುಮಾರು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಕಲಾಗುತ್ತದೆ. ಆದರೆ ಮುಖ್ಯ ಹಗ್ಗದ ಪಾಲಿಯೆಸ್ಟರ್ ಸುಮಾರು 260 ಡಿಗ್ರಿಗೇ ಕರಗುತ್ತದೆ. ಅಂದರೆ ಈ ಹುರಿ ತನ್ನನ್ನು ಕಾಪಾಡಿಕೊಂಡು ಬಿಸಿಯನ್ನು ಹಗ್ಗಕ್ಕೆ ದಾಟಿಸುತ್ತದೆ. ಶಾಖ ತಡೆಯುತ್ತದೆ ಎಂದು ದೊಡ್ಡದಾಗಿ ಮುದ್ರಿಸಿದ ಕಾಗದದಲ್ಲಿ ಈ ಮಾತು ಎಲ್ಲಿಯೂ ಇರಲಿಲ್ಲ. ಹಗ್ಗವನ್ನು ಕವಲಿನ ಮೇಲೆ ಹಾಯಿಸಿ ಎರಡೂ ಎಳೆಯ ಮೇಲೆ ತೂಗುತ್ತ ಹತ್ತುವ ಇಮ್ಮಡಿ ಹಗ್ಗದ ಕ್ರಮದಲ್ಲಿ ಒಂದು ಮೀಟರ್ ಏರಲು ಎರಡು ಮೀಟರ್ ಹಗ್ಗ ಬೇಕು. ಹೊಳೆಯುತ್ತಿದ್ದ ಜಾಗದಿಂದ ತುದಿಯವರೆಗಿನ ಹಗ್ಗವನ್ನು ಕತ್ತರಿಸಿ ಹಾಕಬೇಕಾಗಿ ಬಂದದ್ದರಿಂದ ನನ್ನ 45 ಮೀಟರಿನ ಹಗ್ಗ ಈಗ ಆ ಕವಲಿಗೆ ಸಾಲುವುದಿಲ್ಲ. ಹೊಸ ಹಗ್ಗ ಕೊಳ್ಳುವಷ್ಟು ಹಣ ಕೂಡಿಡಲು ತಿಂಗಳುಗಳೇ ಬೇಕಾದವು.

ಅಂದಿನಿಂದ ಎತ್ತರದಿಂದ ನಿಧಾನವಾಗಿ ಇಳಿಯುತ್ತೇನೆ, ನಡುವೆ ನಿಲ್ಲಲೇಬೇಕಾದರೆ ಗಂಟು ಬಿಸಿಯಾಗುವ ಮೊದಲೇ ನಿಲ್ಲುತ್ತೇನೆ, ನೆಲ ಮುಟ್ಟಿದ ಕೂಡಲೇ ಗಂಟನ್ನು ಸಡಿಲಿಸಿ ಸರಿಸುತ್ತೇನೆ. ಬಿಸಿಲು ಅರಾಮಿಡನ್ನು ದುರ್ಬಲಗೊಳಿಸುವುದರಿಂದ ಹುರಿ ಬಟ್ಟೆಯ ಚೀಲದೊಳಗೇ ಇರುತ್ತದೆ. ಹಗ್ಗವನ್ನು ಕದಲದಂತೆ ಕಟ್ಟಿ ಒಂದೇ ಎಳೆಯ ಮೇಲೆ ಹತ್ತುವ ಒಂಟಿ ಹಗ್ಗದ ಕ್ರಮಕ್ಕೆ ಮಾತ್ರ ಇದನ್ನೊಂದನ್ನೇ ನಂಬಬೇಡಿ: ಇಮ್ಮಡಿ ಕ್ರಮದಲ್ಲಿ ಸುಮಾರು ಅರ್ಧ ಭಾರ ಹೊರುವ ಗಂಟಿನ ಮೇಲೆ ಇಲ್ಲಿ ಪೂರ್ತಿ ಭಾರ ಬೀಳುತ್ತದೆ, ಗಂಟು ಕಚ್ಚಿಕೊಳ್ಳುತ್ತದೆ, ಗಂಟಿನ ಮೇಲ್ಗಡೆ ಕುಳಿತು ಘರ್ಷಣೆ ಹಂಚಿಕೊಳ್ಳುವ ರೋಪ್ ರೆಂಚ್‌ನಂಥ ಸಾಧನ ಬೇಕು.

ಎರಡು ವರ್ಷದಲ್ಲಿ ಇದು ಮೂರನೆಯದು. ಗಂಟಿನ ಬದಲಿಗೆ ಬಳಸುವ ಲೋಹದ ಸಾಧನ ನನ್ನ ಕೈಗೆಟುಕುವುದಿಲ್ಲ, ಎಟುಕಿದರೂ ಬೆರಳಿಗೆ ಹೀಗೆ ಒಗ್ಗುವುದೆಂಬ ನಂಬಿಕೆಯಿಲ್ಲವಾದ್ದರಿಂದ ಅದೇ ಹುರಿಯನ್ನೇ ಮತ್ತೆ ಕೊಂಡೆ. ಹೊಸದು ಇನ್ನೂ ನುಣುಪಾಗಿದೆ. ಈ ಒಂದು ವಾರ ಗಂಟಿನ ಮೇಲ್ಭಾಗಕ್ಕೆ ಐದನೆಯ ಸುತ್ತು ಹಾಕಿಯೇ ಹತ್ತುತ್ತಿದ್ದೇನೆ.